ಗಣ್ಯರ ನಿಧನ ವಾರ್ತೆ: ಅವಸರ, ಅಂತಃಕರಣ ಮತ್ತು ಮಾಧ್ಯಮ ಧರ್ಮ

ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಸ್ವಾಮೀಜಿ ಅವರು 2019ರ ಜನವರಿ 21ರಂದು ಲಿಂಗೈಕ್ಯರಾದರು. ಆಗ ಅವರಿಗೆ 111 ವರ್ಷ. ಶ್ರೀಗಳು ಕೊನೆಯುಸಿರೆಳೆದದ್ದು ಬೆಳಿಗ್ಗೆ 11 ಗಂಟೆ 44 ನಿಮಿಷಕ್ಕೆ. ಸುದ್ದಿ ಅಧಿಕೃತವಾಗಿ ಹೊರಬಿದ್ದದ್ದು ಮಾತ್ರ ಮಧ್ಯಾಹ್ನದ ಊಟದ ನಂತರ. ತಮ್ಮ ನಿಧನದ ವಾರ್ತೆಯನ್ನು ಮಠದ ಮಕ್ಕಳ ಊಟವಾದ ಮೇಲೆಯೇ ತಿಳಿಸಬೇಕೆಂಬುದು ಶ್ರೀಗಳ ಇಚ್ಛೆಯಾಗಿತ್ತೆಂದು ಅಂದು ವರದಿಯಾಯಿತು. ಸಾವಿರಾರು ಮಕ್ಕಳು ಉಂಡೆದ್ದರು. ಬಳಿಕ ನಾಡಿಗೆ ಸುದ್ದಿ ತಿಳಿಯಿತು. ಆ ಒಂದೆರಡು ಗಂಟೆಯ ವಿಳಂಬದಿಂದ ಯಾವ ಓದುಗನಿಗೂ, ಯಾವ ವೀಕ್ಷಕನಿಗೂ ನಷ್ಟವಾಗಲಿಲ್ಲ.

ಗಣ್ಯರೊಬ್ಬರು ಅಗಲಿದಾಗ ಸುದ್ದಿಮನೆಗಳಲ್ಲಿ ನಡೆಯುವ ಪೈಪೋಟಿಯನ್ನು ಕಂಡವರಿಗೆ ಈ ಘಟನೆ ವಿಶೇಷವೆನಿಸದೆ ಇರದು. ಸಾವಿನ ಸುದ್ದಿಯ ಮೇಲೆ ಮೊದಲ ಹಕ್ಕು ಯಾರದು? ಮೃತರ ಮನೆಯವರದೋ, ಮಾಧ್ಯಮದ್ದೋ, ಅಭಿಮಾನಿಗಳದ್ದೋ? ಗಣ್ಯರ ಬದುಕು ಸಾರ್ವಜನಿಕವಾದುದರಿಂದ ಅವರ ಸಾವೂ ಸಾರ್ವಜನಿಕವೇ ಎಂಬ ವಾದವುಂಟು. ಅದರಲ್ಲಿ ಸತ್ಯಾಂಶವೂ ಉಂಟು. ಆದರೆ ಸಾವು ಸಾರ್ವಜನಿಕವಾದರೂ ಅದರ ಶೋಕ ಮೊದಲು ಕುಟುಂಬಕ್ಕೆ ಸೇರಿದ್ದು. ಈ ಕ್ರಮವನ್ನು ಮರೆತಾಗಲೆಲ್ಲ ಮಾಧ್ಯಮ ಎಡವಿರುವುದನ್ನು ಕಳೆದ ಕೆಲವು ದಶಕಗಳ ಇತಿಹಾಸ ತೋರಿಸುತ್ತದೆ. ಈ ವಿಷಯದಲ್ಲಿ ಸಂಹಿತೆಗಳು, ನ್ಯಾಯಾಲಯಗಳು ಮತ್ತು ಅನುಭವ ಹೇಳುವುದೇನು ಎಂಬುದನ್ನು ಇಲ್ಲಿ ಸಂಗ್ರಹಿಸಲಾಗಿದೆ.

ಬದುಕಿದ್ದವರಿಗೆ ಶ್ರದ್ಧಾಂಜಲಿ

ಅವಸರದ ಅತ್ಯಂತ ಕ್ರೂರ ಫಲವೆಂದರೆ ಬದುಕಿರುವವರನ್ನು ಸಾಯಿಸುವುದು. ಇದು ಇಂದಿನ ಸಾಮಾಜಿಕ ಜಾಲತಾಣಗಳ ಕಾಲದ ರೋಗವಷ್ಟೇ ಅಲ್ಲ. 1979ರ ಮಾರ್ಚ್‌ನಲ್ಲಿ ಲೋಕನಾಯಕ ಜಯಪ್ರಕಾಶ ನಾರಾಯಣ ಅವರು ಮುಂಬಯಿಯ ಆಸ್ಪತ್ರೆಯಲ್ಲಿದ್ದಾಗಲೇ ಅವರು ನಿಧನರಾದರೆಂದು ಪ್ರಧಾನಿ ಮೊರಾರ್ಜಿ ದೇಸಾಯಿ ಅವರು ಸಂಸತ್ತಿನಲ್ಲಿ ಪ್ರಕಟಿಸಿದರು. ಕಲಾಪ ನಿಂತಿತು, ಆಕಾಶವಾಣಿ ಸುದ್ದಿಯನ್ನು ದೇಶಕ್ಕೆಲ್ಲ ಬಿತ್ತರಿಸಿತು, ಶಾಲೆ ಅಂಗಡಿಗಳು ಮುಚ್ಚಿದವು. ಜೆ.ಪಿ. ಅವರು ತೀರಿಕೊಂಡದ್ದು ಅದೇ ವರ್ಷದ ಅಕ್ಟೋಬರ್ 8ರಂದು. ಅತ್ಯುನ್ನತ ಅಧಿಕಾರದ ಮೂಲವೇ ತಪ್ಪಬಹುದೆಂಬ ಪಾಠ ಅಂದೇ ದೊರೆತಿತ್ತು.

ಕರ್ನಾಟಕದ ಮೇಲುಕೋಟೆಯಲ್ಲಿ ಜನಿಸಿ ತಮಿಳುನಾಡಿನ ಮುಖ್ಯಮಂತ್ರಿಯಾದ ಜಯಲಲಿತಾ ಅವರ ವಿಷಯದಲ್ಲಿಯೂ ಹೀಗೆಯೇ ಆಯಿತು. 2016ರ ಡಿಸೆಂಬರ್ 5ರ ಸಂಜೆ ಕೆಲವು ವಾಹಿನಿಗಳು ಅವರ ನಿಧನವನ್ನು ಸಾರಿದವು. ಪಕ್ಷದ ಕಚೇರಿಯ ಬಾವುಟವನ್ನು ಅರ್ಧಕ್ಕಿಳಿಸಿ, ಆಸ್ಪತ್ರೆ ಸುದ್ದಿಯನ್ನು ನಿರಾಕರಿಸಿದ ಬಳಿಕ ಮತ್ತೆ ಮೇಲೇರಿಸಲಾಯಿತು. ಅಧಿಕೃತವಾಗಿ ಪ್ರಕಟವಾದ ನಿಧನದ ವೇಳೆ ಅಂದು ರಾತ್ರಿ 11 ಗಂಟೆ 30 ನಿಮಿಷ.

ಕನ್ನಡದ ನಟ ಸಂಚಾರಿ ವಿಜಯ್ ಅವರ ಪ್ರಕರಣ ಇನ್ನೂ ಸೂಕ್ಷ್ಮವಾದುದು. ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದಿದ್ದ ಅವರು 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಬೈಕ್ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡರು. ಜೂನ್ 14ರಂದು ಮೆದುಳಿನ ನಿಷ್ಕ್ರಿಯತೆಯ ಮಾತು ಹೊರಬರುತ್ತಿದ್ದಂತೆ ಶ್ರದ್ಧಾಂಜಲಿಗಳು ಪುಂಖಾನುಪುಂಖವಾಗಿ ಹೊರಟವು. ಅವರು ನಿಧನರಾದದ್ದು 15ರ ನಸುಕಿನಲ್ಲಿ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮೆದುಳು ಸಾವನ್ನು ದೃಢೀಕರಿಸಲು ನಮ್ಮಲ್ಲಿ 1994ರ ಅಂಗಾಂಗ ಕಸಿ ಕಾಯಿದೆಯಡಿ ನಿಶ್ಚಿತ ವಿಧಾನವಿದೆ. ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ನಡೆಸಬೇಕು. ಆ ನಡುವಿನ ಅವಧಿಯಲ್ಲಿ ರೋಗಿ ಮೃತನೆಂದು ಬರೆಯುವುದು ವೈದ್ಯರೂ ಆಡದ ಮಾತನ್ನು ವರದಿಗಾರ ಆಡಿದಂತೆ. ಅಂಗಾಂಗ ದಾನದಂತಹ ಕಠಿಣ ನಿರ್ಧಾರದ ಮುಂದೆ ನಿಂತಿರುವ ಕುಟುಂಬಕ್ಕೆ ಇದು ಎಂತಹ ಹಿಂಸೆಯೆಂಬುದನ್ನು ವಿವರಿಸಬೇಕಾಗಿಲ್ಲ.

ಇಷ್ಟಾದರೂ ಪಾಠ ಕಲಿತಂತಿಲ್ಲ. 2025ರ ನವೆಂಬರ್ 11ರಂದು ಹಿಂದಿ ಚಿತ್ರನಟ ಧರ್ಮೇಂದ್ರ ಅವರು ನಿಧನರಾದರೆಂದು ಹಲವು ಪ್ರಮುಖ ಮಾಧ್ಯಮಗಳು ಪ್ರಕಟಿಸಿದವು. ಅವರು ಚಿಕಿತ್ಸೆಗೆ ಸ್ಪಂದಿಸುತ್ತಿದ್ದರು. ಪತ್ನಿ ಹೇಮಾ ಮಾಲಿನಿ ಅವರು ಇದು ಅಕ್ಷಮ್ಯವೆಂದು ಬಹಿರಂಗವಾಗಿ ಖಂಡಿಸಿದರು. ಮನೆಯ ಮುಂದೆ ನೆರೆದ ಕ್ಯಾಮೆರಾಗಳನ್ನು ಕಂಡು ಪುತ್ರ ಸನ್ನಿ ದೇವಲ್ ಅವರು ಸಿಟ್ಟಾದದ್ದನ್ನೂ ಕ್ಯಾಮೆರಾಗಳೇ ಸೆರೆಹಿಡಿದವು. ಧರ್ಮೇಂದ್ರ ಅವರು ಅಗಲಿದ್ದು ನವೆಂಬರ್ 24ರಂದು. ತಮ್ಮದೇ ಮರಣವಾರ್ತೆ ಪ್ರಕಟವಾದ ಮೇಲೂ ಅವರು 13 ದಿನ ಬದುಕಿದ್ದರು.

ಮೊದಲು ಮನೆಗೆ, ಬಳಿಕ ಊರಿಗೆ

ಸುದ್ದಿ ನಿಜವಾಗಿದ್ದರೂ ಅದು ಮನೆಯವರಿಗೆ ಯಾವ ದಾರಿಯಿಂದ ತಲುಪಬೇಕೆಂಬುದು ಎರಡನೆಯ ಪ್ರಶ್ನೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಅವರು 2020ರ ಜನವರಿ 26ರಂದು ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದರು. ಅವರ 13 ವರ್ಷದ ಪುತ್ರಿ ಸೇರಿ ಒಟ್ಟು 9 ಮಂದಿ ಅಸುನೀಗಿದರು. ಅಧಿಕಾರಿಗಳು ದೃಢೀಕರಿಸುವ ಮೊದಲೇ ಮನರಂಜನಾ ಜಾಲತಾಣವೊಂದು ಸುದ್ದಿಯನ್ನು ಪ್ರಕಟಿಸಿತು. ಮನೆಯವರಿಗೆ ತಿಳಿಸುವ ಮುನ್ನ ಜಗತ್ತಿಗೆ ತಿಳಿಸುವುದು ಸಲ್ಲದೆಂದು ಲಾಸ್ ಏಂಜಲೀಸ್ ಪ್ರಾಂತದ ಪೊಲೀಸ್ ಮುಖ್ಯಸ್ಥರು ಅಂದೇ ಆಕ್ಷೇಪಿಸಿದರು. ಬ್ರಯಂಟ್ ಅವರ ನಾಲ್ವರೂ ಹೆಣ್ಣುಮಕ್ಕಳು ಹೆಲಿಕಾಪ್ಟರ್‌ನಲ್ಲಿದ್ದರೆಂದು ದೊಡ್ಡ ವಾಹಿನಿಯೊಂದರ ವರದಿಗಾರ ನೇರಪ್ರಸಾರದಲ್ಲಿ ತಪ್ಪಾಗಿ ಹೇಳಿ, ಕ್ಷಮೆ ಕೋರಿ, ಅಮಾನತುಗೊಂಡರು.

ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಸ್ಥಳಕ್ಕೆ ಧಾವಿಸಿದ ಸರ್ಕಾರಿ ಸಿಬ್ಬಂದಿ ಮೃತದೇಹಗಳ ಚಿತ್ರ ತೆಗೆದು ಹಂಚಿಕೊಂಡದ್ದು ಬಯಲಾಯಿತು. ಅನಧಿಕೃತವಾಗಿ ಇಂತಹ ಚಿತ್ರ ತೆಗೆಯುವುದನ್ನು ಅಪರಾಧವೆಂದು ಸಾರುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2021ರ ಜನವರಿಯಿಂದ ಜಾರಿಗೆ ಬಂತು. 2022ರ ಆಗಸ್ಟ್‌ನಲ್ಲಿ ಕೋಬಿ ಅವರ ಪತ್ನಿಗೂ, ಅಪಘಾತದಲ್ಲಿ ಪತ್ನಿ ಮತ್ತು ಮಗಳನ್ನು ಕಳೆದುಕೊಂಡ ಮತ್ತೊಬ್ಬರಿಗೂ ಒಟ್ಟು 3 ಕೋಟಿ 10 ಲಕ್ಷ ಡಾಲರ್ ಪರಿಹಾರ ನೀಡಬೇಕೆಂದು ತೀರ್ಪುಗಾರರ ಮಂಡಳಿ ಆದೇಶಿಸಿತು.

ನಮ್ಮ ನಾಡಿನಲ್ಲಿ 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು ಅಕಾಲಿಕವಾಗಿ ಅಗಲಿದಾಗ ವಿದೇಶದಲ್ಲಿ ವ್ಯಾಸಂಗ ಮಾಡುತ್ತಿದ್ದ ಅವರ ಹಿರಿಯ ಪುತ್ರಿಯ ಬರವಿಗಾಗಿ ಅಂತ್ಯಕ್ರಿಯೆಯನ್ನು 31ರವರೆಗೆ ಮುಂದೂಡಲಾಯಿತು. ಸಾಗರದಾಚೆಯ ಮಗಳು ತಂದೆಯ ಮುಖ ನೋಡಲೆಂದು ಒಂದು ರಾಜ್ಯವೇ ಕಾಯಬಹುದಾದರೆ, ಒಂದು ಸುದ್ದಿ ಅರ್ಧ ಗಂಟೆ ಕಾಯಲಾರದೆ?

ಶೋಕದ ಎದುರು ಕ್ಯಾಮೆರಾ

1997ರ ಆಗಸ್ಟ್ 31ರಂದು ಬ್ರಿಟನ್ನಿನ ರಾಜಕುಮಾರಿ ಡಯಾನಾ ಅವರು ಪ್ಯಾರಿಸ್ಸಿನ ಸುರಂಗಮಾರ್ಗದಲ್ಲಿ ಕಾರು ಅಪಘಾತಕ್ಕೀಡಾಗಿ ಮೃತಪಟ್ಟದ್ದು ಈ ಚರ್ಚೆಯ ದೊಡ್ಡ ತಿರುವು. ಛಾಯಾಗ್ರಾಹಕರು ಅವರ ಕಾರನ್ನು ಬೆನ್ನಟ್ಟಿದ್ದರು. ಅಪಘಾತದ ನಂತರವೂ ಚಿತ್ರ ತೆಗೆಯುವುದನ್ನು ಕೆಲವರು ನಿಲ್ಲಿಸಲಿಲ್ಲ. ಕಾರಿನ ಚಾಲಕನ ಹಾಗೂ ಬೆನ್ನಟ್ಟಿದ ವಾಹನಗಳ ತೀವ್ರ ನಿರ್ಲಕ್ಷ್ಯದ ಚಾಲನೆಯೇ ಸಾವಿಗೆ ಕಾರಣವೆಂದು ಲಂಡನ್ನಿನ ವಿಚಾರಣಾ ಮಂಡಳಿ 2008ರ ಏಪ್ರಿಲ್ 7ರಂದು ತೀರ್ಮಾನಿಸಿತು. ಈ ದುರಂತದ ಬಳಿಕ ಬ್ರಿಟಿಷ್ ಸಂಪಾದಕರು ತಮ್ಮ ಸಂಹಿತೆಯಲ್ಲಿ ಖಾಸಗಿತನ ಮತ್ತು ಕಿರುಕುಳಕ್ಕೆ ಸಂಬಂಧಿಸಿದ ನಿಯಮಗಳನ್ನು ಬಿಗಿಗೊಳಿಸಿದರು. ಶೋಕಾವಸ್ಥೆಯಲ್ಲಿರುವವರನ್ನು ಸಹಾನುಭೂತಿ ಮತ್ತು ವಿವೇಕದಿಂದ ಸಂಪರ್ಕಿಸಬೇಕು, ಪ್ರಕಟಣೆಯೂ ಸಂವೇದನಾಶೀಲವಾಗಿರಬೇಕು ಎಂಬುದು ಅಲ್ಲಿನ ಇಂದಿನ ನಿಯಮ.

ಭಾರತೀಯ ಪತ್ರಿಕಾ ಮಂಡಳಿಯ ಪತ್ರಿಕಾ ನಡವಳಿಕೆಯ ಸೂತ್ರಗಳೂ ಇದನ್ನೇ ಹೇಳುತ್ತವೆ. ವೈಯಕ್ತಿಕ ದುಃಖದ ಗಳಿಗೆಗಳಲ್ಲಿ ಛಾಯಾಗ್ರಹಣದ ಮೂಲಕ ಒಳನುಗ್ಗುವುದನ್ನು ತಪ್ಪಿಸಬೇಕು. ಅಪಘಾತ ಅಥವಾ ಪ್ರಕೃತಿ ವಿಕೋಪದ ಚಿತ್ರಗಳು ವ್ಯಾಪಕ ಸಾರ್ವಜನಿಕ ಹಿತಕ್ಕೆ ಅಗತ್ಯವಾಗಬಹುದು. ಆದರೆ 1978ರ ಕಾಯಿದೆಯಡಿ ರಚಿತವಾದ ಈ ಮಂಡಳಿ ಎಚ್ಚರಿಸಬಲ್ಲದು, ಛೀಮಾರಿ ಹಾಕಬಲ್ಲದು, ದಂಡ ವಿಧಿಸಲಾರದು.

ಸೂತ್ರವಿದ್ದರೂ ಆಚರಣೆ ಹೇಗಿದೆ? ನಟಿ ಶ್ರೀದೇವಿ ಅವರು 2018ರ ಫೆಬ್ರವರಿ 24ರಂದು ದುಬೈಯಲ್ಲಿ ತೀರಿಕೊಂಡರು. ಮೊದಲು ಹೃದಯಸ್ತಂಭನವೆಂದು ವರದಿಯಾಯಿತು. ಬಳಿಕ ಆಕಸ್ಮಿಕ ಮುಳುಗುವಿಕೆಯೆಂದು ವಿಧಿವಿಜ್ಞಾನ ವರದಿ ಹೇಳಿತು. ಮೂರೇ ದಿನಗಳಲ್ಲಿ ದುಬೈ ಅಧಿಕಾರಿಗಳು ಪ್ರಕರಣವನ್ನು ಮುಕ್ತಾಯಗೊಳಿಸಿದರು. ಆ ನಡುವೆ ನಮ್ಮ ವಾಹಿನಿಗಳು ಸ್ನಾನದ ತೊಟ್ಟಿಯ ಚಿತ್ರಗಳ ಮುಂದೆ ನಿರೂಪಕರನ್ನು ನಿಲ್ಲಿಸಿದವು. ವರದಿಗಾರರೊಬ್ಬರು ತೊಟ್ಟಿಯೊಳಗೇ ಮಲಗಿ ಪ್ರದರ್ಶನ ನೀಡಿದರು. ಐದು ದಶಕಗಳ ಕಲಾಜೀವನವನ್ನು ಒಂದು ಸ್ನಾನದ ತೊಟ್ಟಿಗೆ ಇಳಿಸಿದ ಆ ದಿನಗಳನ್ನು ಭಾರತೀಯ ಪತ್ರಿಕೋದ್ಯಮ ಸುಲಭವಾಗಿ ಮರೆಯಬಾರದು.

ಆತ್ಮಹತ್ಯೆಯ ವರದಿ: ಪ್ರಾಣದ ಪ್ರಶ್ನೆ

ಇದುವರೆಗೆ ಹೇಳಿದ್ದು ಮರ್ಯಾದೆಯ ಮಾತಾಯಿತು. ಆತ್ಮಹತ್ಯೆಯ ವರದಿಯ ವಿಷಯದಲ್ಲಿ ಮಾತ್ರ ಇನ್ನೊಬ್ಬರ ಪ್ರಾಣವೇ ಪಣವಾಗಿರುತ್ತದೆ. ಪ್ರಸಿದ್ಧರ ಆತ್ಮಹತ್ಯೆಯ ವರದಿಗಳ ಬೆನ್ನಲ್ಲೇ ಸಮಾಜದಲ್ಲಿ ಆತ್ಮಹತ್ಯೆಗಳು ಸರಾಸರಿ ಶೇ. 13ರಷ್ಟು ಹೆಚ್ಚುತ್ತವೆಂದೂ, ವಿಧಾನವನ್ನು ವಿವರಿಸಿದಲ್ಲಿ ಅದೇ ವಿಧಾನದ ಸಾವುಗಳು ಶೇ. 30ರಷ್ಟು ಏರುತ್ತವೆಂದೂ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ತಿಳಿಸಿತು. ಹಾಲಿವುಡ್ ನಟ ರಾಬಿನ್ ವಿಲಿಯಮ್ಸ್ ಅವರು 2014ರ ಆಗಸ್ಟ್‌ನಲ್ಲಿ ತೀರಿಕೊಂಡ ನಂತರದ ಐದು ತಿಂಗಳಲ್ಲಿ ಅಮೆರಿಕದಲ್ಲಿ ನಿರೀಕ್ಷೆಗಿಂತ 1,841 ಹೆಚ್ಚು ಆತ್ಮಹತ್ಯೆಗಳು ದಾಖಲಾದವೆಂದು ಮತ್ತೊಂದು ಅಧ್ಯಯನ ಲೆಕ್ಕ ಹಾಕಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಗಾಯಕ ಕರ್ಟ್ ಕೊಬೇನ್ ಅವರು 1994ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಸಿಯಾಟಲ್ ನಗರದಲ್ಲಿ ಅನುಕರಣೆಯ ಅಲೆಯೇಳುವ ಭಯವಿತ್ತು, ಅದು ಕಾಣಿಸಲಿಲ್ಲ. ಅವರ ಸಂಗೀತದ ಸಾಧನೆಯನ್ನೂ ಸಾವಿನ ರೀತಿಯನ್ನೂ ಬೇರ್ಪಡಿಸಿ ಮಾತನಾಡಿದ್ದು, ಸಹಾಯವಾಣಿಗಳ ಬಗ್ಗೆ ವ್ಯಾಪಕವಾಗಿ ತಿಳಿಸಿದ್ದು ನೆರವಾಗಿರಬಹುದೆಂದು ಸಂಶೋಧಕರು ಅಭಿಪ್ರಾಯಪಟ್ಟರು. ಹೊಣೆಯರಿತ ವರದಿ ಜೀವ ಉಳಿಸಬಲ್ಲದು ಎಂಬುದಕ್ಕೆ ಇದು ಆಧಾರ.

ವಿಶ್ವ ಆರೋಗ್ಯ ಸಂಸ್ಥೆ 2000ದಿಂದ ಮಾಧ್ಯಮಗಳಿಗಾಗಿ ಮಾರ್ಗದರ್ಶಿಯನ್ನು ಪ್ರಕಟಿಸುತ್ತಿದೆ. ಅದನ್ನು ಆಧರಿಸಿ ನಮ್ಮ ಪತ್ರಿಕಾ ಮಂಡಳಿ 2019ರ ಸೆಪ್ಟೆಂಬರ್‌ನಲ್ಲಿ ಸೂಚನೆಗಳನ್ನು ಅಂಗೀಕರಿಸಿತು. ಸುದ್ದಿಗೆ ಅತಿ ಪ್ರಾಮುಖ್ಯ ಕೊಡಬಾರದು, ಪದೇ ಪದೇ ಪ್ರಕಟಿಸಬಾರದು, ವಿಧಾನವನ್ನು ವಿವರಿಸಬಾರದು, ಸ್ಥಳದ ವಿವರ ನೀಡಬಾರದು, ರೋಚಕ ಶೀರ್ಷಿಕೆ, ಚಿತ್ರ ಮತ್ತು ದೃಶ್ಯಗಳನ್ನು ಬಳಸಬಾರದು ಎಂಬುದು ಅವುಗಳ ಸಾರ.

ಮರುವರ್ಷವೇ ಈ ಸೂಚನೆಗಳಿಗೆ ಅಗ್ನಿಪರೀಕ್ಷೆ ಎದುರಾಯಿತು. 2020ರ ಜೂನ್ 14ರಂದು ನಟ ಸುಶಾಂತ್ ಸಿಂಗ್ ರಜಪೂತ್ ಅವರು ಮುಂಬಯಿಯಲ್ಲಿ ತೀರಿಕೊಂಡರು. ಮೃತದೇಹದ ಚಿತ್ರಗಳು ಎಲ್ಲೆಡೆ ಹರಿದಾಡಿ, ಮಹಾರಾಷ್ಟ್ರದ ಸೈಬರ್ ಪೊಲೀಸರು ಎಚ್ಚರಿಕೆ ನೀಡಬೇಕಾಯಿತು. ತಿಂಗಳುಗಟ್ಟಲೆ ವಾಹಿನಿಗಳ ಚಾವಡಿಯಲ್ಲಿ ವಿಚಾರಣೆ ನಡೆಯಿತು. ನಟಿ ರಿಯಾ ಚಕ್ರವರ್ತಿ ಅವರನ್ನು ಅಲ್ಲಿ ದಿನವೂ ಅಪರಾಧಿಯೆಂದು ಘೋಷಿಸಲಾಯಿತು. ಸುಶಾಂತ್ ಅವರು ಬರೆಯದ ಟ್ವೀಟ್‌ಗಳನ್ನು ಅವರದೆಂದು ತೋರಿಸಿದ್ದಕ್ಕಾಗಿ ಆಜ್ ತಕ್ ವಾಹಿನಿಗೆ ಸುದ್ದಿವಾಹಿನಿಗಳ ಸ್ವನಿಯಂತ್ರಣ ಸಂಸ್ಥೆ 2020ರ ಅಕ್ಟೋಬರ್‌ನಲ್ಲಿ 1 ಲಕ್ಷ ರೂಪಾಯಿ ದಂಡ ವಿಧಿಸಿ, ಕ್ಷಮೆ ಪ್ರಸಾರ ಮಾಡುವಂತೆ ಆದೇಶಿಸಿತು.

2021ರ ಜನವರಿ 18ರಂದು ಬಾಂಬೆ ಹೈಕೋರ್ಟ್ ಮಹತ್ವದ ತೀರ್ಪಿತ್ತಿತು. ಆತ್ಮಹತ್ಯೆಯ ವರದಿಯಲ್ಲಿ ಮೃತರನ್ನು ದುರ್ಬಲ ಮನಸ್ಸಿನವರೆಂದು ಚಿತ್ರಿಸಬಾರದು, ಘಟನೆಯನ್ನು ಮರುಸೃಷ್ಟಿಸಿ ತೋರಿಸಬಾರದು, ತನಿಖೆಗೆ ಅಡ್ಡಿಯಾಗುವ ಸಮಾನಾಂತರ ವಿಚಾರಣೆ ನಡೆಸಬಾರದು ಎಂದ ನ್ಯಾಯಪೀಠ, ಪತ್ರಿಕಾ ಮಂಡಳಿಯ ಸೂಚನೆಗಳನ್ನು ವಾಹಿನಿಗಳೂ ಪಾಲಿಸಬೇಕೆಂದಿತು. 2025ರ ಮಾರ್ಚ್‌ನಲ್ಲಿ ಸಿಬಿಐ ಮುಕ್ತಾಯ ವರದಿ ಸಲ್ಲಿಸಿತು. ಸುಮಾರು ಐದು ವರ್ಷಗಳ ಹಿಂದೆ ಕೂಗಾಡಿದ ಕೆಲವೇ ಗಂಟಲುಗಳು ಅದನ್ನು ಅಷ್ಟೇ ಗಟ್ಟಿಯಾಗಿ ಹೇಳಿದವು.

ಮೃತರಿಗೆ ಹಕ್ಕುಂಟೆ?

ಘನತೆಯ ಹಕ್ಕು ಬದುಕಿರುವವರಿಗಷ್ಟೇ ಅಲ್ಲ, ಮೃತದೇಹಕ್ಕೂ ಅನ್ವಯಿಸುತ್ತದೆಂದು ಪರಮಾನಂದ ಕಟಾರಾ ಪ್ರಕರಣದ 1995ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೃತರ ಕುಟುಂಬದವರ ಭಾವನೆಗಳನ್ನು ನೋಯಿಸುವ ಉದ್ದೇಶದಿಂದ ಮೃತರ ಮೇಲೆ ಆರೋಪ ಹೊರಿಸುವುದು ಮಾನನಷ್ಟವಾಗಬಲ್ಲದೆಂಬ ಹಳೆಯ ದಂಡ ಸಂಹಿತೆಯ ವಿವರಣೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ವಿಧಿಯಲ್ಲಿಯೂ ಮುಂದುವರಿದಿದೆ.

ಆದರೆ ಖಾಸಗಿತನದ ಹಕ್ಕು ವ್ಯಕ್ತಿಯೊಂದಿಗೇ ಕೊನೆಗೊಳ್ಳುತ್ತದೆ, ಅದು ವಾರಸುದಾರರಿಗೆ ಬರುವುದಿಲ್ಲ ಎಂಬ ನಿಲುವನ್ನು ಸುಶಾಂತ್ ಅವರ ತಂದೆ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ ತಳೆಯಿತು. ಅಂದರೆ ಕಾನೂನಿನ ಕೈ ಇಲ್ಲಿ ಗಿಡ್ಡ. ಬದುಕಿದ್ದಾಗ ಪ್ರತಿವಾದ ಹೂಡಬಲ್ಲವರು ಸತ್ತ ಮೇಲೆ ಮೌನವಾಗುತ್ತಾರೆ. ಅವರ ಪರವಾಗಿ ನಿಲ್ಲಬೇಕಾದವನು ಸಂಪಾದಕ. ಸಂಹಿತೆಯ ನಿಜವಾದ ಅಗತ್ಯ ಬೀಳುವುದು ಕಾನೂನು ಮುಗಿದ ಜಾಗದಲ್ಲಿಯೇ.

ಪ್ರಶ್ನಿಸುವುದು ಅಗೌರವವಲ್ಲ

ಹಾಗೆಂದು ಗೌರವದ ಹೆಸರಿನಲ್ಲಿ ಮಾಧ್ಯಮ ಬಾಯಿ ಮುಚ್ಚಿಕೊಳ್ಳಬೇಕೆಂದಲ್ಲ. ಪಾಪ್ ಗಾಯಕ ಮೈಕೆಲ್ ಜಾಕ್ಸನ್ ಅವರು 2009ರ ಜೂನ್ 25ರಂದು ಮೃತಪಟ್ಟಾಗ ಅರಿವಳಿಕೆ ಔಷಧದ ಬಳಕೆಯ ಬಗ್ಗೆ ಎದ್ದ ಪ್ರಶ್ನೆಗಳು ಸಾಧುವಾಗಿದ್ದವು. 2011ರ ನವೆಂಬರ್‌ನಲ್ಲಿ ಅವರ ವೈದ್ಯರು ತಪ್ಪಿತಸ್ಥರೆಂದು ಸಾಬೀತಾಯಿತು. ಜಯಲಲಿತಾ ಅವರ ಚಿಕಿತ್ಸೆಯ ಕುರಿತ ಅನುಮಾನಗಳ ಪರಿಣಾಮವಾಗಿ 2017ರಲ್ಲಿ ವಿಚಾರಣಾ ಆಯೋಗ ನೇಮಕಗೊಂಡು 2022ರಲ್ಲಿ ವರದಿ ನೀಡಿತು. ಮೃತರ ಸಾರ್ವಜನಿಕ ಬದುಕಿನ ಲೋಪದೋಷಗಳನ್ನು ವಿಮರ್ಶಿಸುವುದೂ ಪತ್ರಿಕಾ ಕರ್ತವ್ಯವೇ. ದಾಖಲೆಯಿಂದ ಹುಟ್ಟಿದ ಪ್ರಶ್ನೆಯನ್ನು ಉತ್ತರ ಸಿಗುವವರೆಗೆ ಕೇಳುತ್ತಲೇ ಇರಬೇಕು. ಪ್ರೇಕ್ಷಕರನ್ನು ಹಿಡಿದಿಡಲೆಂದು ಹುಟ್ಟಿಸಿದ ಪ್ರಶ್ನೆಯನ್ನು ಕೇಳಲೇಬಾರದು.

ಕನ್ನಡ ನಾಡಿನ ಅನುಭವ

2006ರ ಏಪ್ರಿಲ್ 12ರಂದು ವರನಟ ಡಾ. ರಾಜ್‌ಕುಮಾರ್ ಅವರು ಅಗಲಿದಾಗ ಬೆಂಗಳೂರು ಹಿಂಸೆಯಲ್ಲಿ ಬೆಂದಿತು. ಪೊಲೀಸ್ ಸಿಬ್ಬಂದಿಯೊಬ್ಬರು ಸೇರಿದಂತೆ 8 ಮಂದಿ ಪ್ರಾಣ ತೆತ್ತರು. ಇಂತಹ ಸಂದರ್ಭದಲ್ಲಿ ಅಂತಿಮ ದರ್ಶನ ಎಲ್ಲಿ, ಎಷ್ಟು ಹೊತ್ತಿಗೆ, ಮೆರವಣಿಗೆಯ ದಾರಿ ಯಾವುದು ಎಂಬ ಖಚಿತ ಮಾಹಿತಿಯೇ ದೊಡ್ಡ ಸೇವೆ. ಒಂದು ತಪ್ಪು ವೇಳೆ, ಒಂದು ಊಹೆಯ ಮಾತು ಸಾವಿರಾರು ಜನರನ್ನು ತಪ್ಪು ಜಾಗಕ್ಕೆ ನುಗ್ಗಿಸಬಲ್ಲದು. 2021ರಲ್ಲಿ ಅವರ ಕಿರಿಯ ಪುತ್ರ ಅಗಲಿದಾಗ ಲಕ್ಷಾಂತರ ಮಂದಿ ಸಾಲಾಗಿ ಬಂದು ದರ್ಶನ ಪಡೆದು ಮರಳಿದರು.

ಆದರೆ ಅದೇ ದಿನಗಳಲ್ಲಿ ವ್ಯಾಯಾಮ ಮತ್ತು ಹೃದಯಾಘಾತದ ಬಗ್ಗೆ ಅರೆಬೆಂದ ಚರ್ಚೆಗಳು ಎಡೆಬಿಡದೆ ನಡೆದವು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗೆಂದು ಬರುವವರ ಸಂಖ್ಯೆ ಒಮ್ಮೆಲೇ ಏರಿತು. ಮತ್ತೊಂದೆಡೆ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ದೊರೆತ ಸುದ್ದಿ ಪ್ರಕಟವಾದಾಗ ನೇತ್ರದಾನಕ್ಕೆ ಹೆಸರು ನೋಂದಾಯಿಸಲು ಜನ ಮುಂದೆ ಬಂದರು. ಒಂದೇ ಸಾವು, ಎರಡು ಬಗೆಯ ಸುದ್ದಿ. ಒಂದು ಭಯವನ್ನು ಬಿತ್ತಿತು, ಇನ್ನೊಂದು ಬೆಳಕನ್ನು ಹಂಚಿತು.

ಸುದ್ದಿಮನೆಯ ಪಾಲು, ಓದುಗರ ಪಾಲು

ಮೇಲಿನ ಅನುಭವಗಳಿಂದ ಕೆಲವು ಸರಳ ಸೂತ್ರಗಳು ಮೂಡುತ್ತವೆ. ಕುಟುಂಬ, ಆಸ್ಪತ್ರೆ ಅಥವಾ ಅಧಿಕೃತ ಮೂಲ ದೃಢಪಡಿಸದೆ ನಿಧನ ವಾರ್ತೆ ಪ್ರಕಟಿಸಕೂಡದು. ಮತ್ತೊಂದು ವಾಹಿನಿಯ ಪ್ರಸಾರ ಮೂಲವಲ್ಲ, ಗಣ್ಯರ ಸಂತಾಪ ಸಂದೇಶವೂ ಮೂಲವಲ್ಲ. ಸಾವಿನ ಕಾರಣವನ್ನು ವೈದ್ಯರು ಹೇಳುವವರೆಗೆ ಊಹಿಸಕೂಡದು. ಅಳುವ ಮುಖದ ಮುಂದೆ ಮೈಕು ಹಿಡಿಯಕೂಡದು, ಮಕ್ಕಳ ಮುಂದಂತೂ ಹಿಡಿಯಲೇಕೂಡದು. ಮೃತದೇಹದ ಸಮೀಪ ದೃಶ್ಯಗಳನ್ನು ಬಿತ್ತರಿಸಕೂಡದು. ದುಃಖದಲ್ಲಿ ಪ್ರಾಣ ಕಳೆದುಕೊಂಡ ಅಭಿಮಾನಿಯನ್ನು ಹುತಾತ್ಮನಂತೆ ವೈಭವೀಕರಿಸಕೂಡದು. ಆತ್ಮಹತ್ಯೆಯ ಸುದ್ದಿಯ ಜೊತೆಗೆ ಸಹಾಯವಾಣಿಯ ಸಂಖ್ಯೆ ಇರಲೇಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನದಲ್ಲಿರುವ ಟೆಲಿ ಮಾನಸ್ ಸೇವೆಯ ಉಚಿತ ಸಂಖ್ಯೆ 14416. ತಪ್ಪಾದಲ್ಲಿ ಸದ್ದಿಲ್ಲದೆ ಅಳಿಸಿಹಾಕದೆ, ತಪ್ಪಿನಷ್ಟೇ ಎದ್ದು ಕಾಣುವಂತೆ ಕ್ಷಮೆ ಕೋರತಕ್ಕದ್ದು.

ಓದುಗರ ಪಾಲೂ ಇದರಲ್ಲಿದೆ. ಇಂದು ಪ್ರತಿ ಕೈಯಲ್ಲಿಯೂ ಒಂದು ಪ್ರಸಾರ ಯಂತ್ರವಿದೆ. ಸಾವಿನ ಸುದ್ದಿ ಬಂದೊಡನೆ ಹಂಚುವ ಮುನ್ನ, ಅದು ನಮ್ಮ ಮನೆಯವರ ಬಗ್ಗೆಯಾಗಿದ್ದರೆ ಯಾರಿಂದ, ಹೇಗೆ ತಿಳಿಯಬೇಕೆಂದು ಬಯಸುತ್ತಿದ್ದೆವು ಎಂದು ಒಂದು ಕ್ಷಣ ಯೋಚಿಸಿದರೆ ಸಾಕು. ಊರಿನಲ್ಲಿ ಸಾವಾದರೆ ಹಬ್ಬದ ವಾದ್ಯ ನಿಲ್ಲಿಸುವ, ಶವಯಾತ್ರೆ ಎದುರಾದರೆ ಬದಿಗೆ ಸರಿದು ನಿಲ್ಲುವ ರೂಢಿ ನಮ್ಮದು. ಅದಕ್ಕೆ ಯಾವ ಮಂಡಳಿಯ ಸೂಚನೆಯೂ ಬೇಕಾಗಿರಲಿಲ್ಲ. ಸಿದ್ಧಗಂಗೆಯಲ್ಲಿ ಅಂದು ಸುದ್ದಿಯನ್ನು ಊಟದವರೆಗೆ ತಡೆದವರ ಎದುರಿಗಿದ್ದದ್ದು ಸಂಹಿತೆಯ ಪುಸ್ತಕವಲ್ಲ, ಹಸಿದ ಮಕ್ಕಳು. ನಿಧನ ವಾರ್ತೆ ಬರೆಯಲು ಕುಳಿತವರೂ ತಮ್ಮ ಸುದ್ದಿ ಮೊದಲು ಯಾರ ಮನೆಗೆ ತಲುಪುತ್ತದೆಂಬುದನ್ನು ನೆನೆದು ಬರೆದರೆ ಉಳಿದ ಸೂತ್ರಗಳು ತಾವಾಗಿಯೇ ಪಾಲನೆಯಾದಾವು.